ಅಜ್ಜಿಯ ಟ್ಯೂಬಿನಲ್ಲಿ ಗಂಡಸಿನ ಎಂಜಲು

ಮುಂಬೈ ಪಕ್ಕದ ಡೊಂಬಿವಲಿಯ ಕನ್ನಡದವರಲ್ಲಿ ನನ್ನ ಕೈಯಲ್ಲಿ ಒಮ್ಮೆಯಾದ್ರೂ ಬೇಸ್ತು ಬೀಳದವ ಯಾರಾದ್ರೂ ಇದ್ರೆ, ಅವ ಈ ತಿಂಗಳು ಬಾಡಿಗೆಗೆ ಬಂದವ ಇರ್ಬೇಕು. ಇದು ಜಂಬ ಅಲ್ಲ. ಸರಿ, ಜಂಬವೇ. ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಕ್ಯಾಂಟೀನನ್ನು ಇಡೀ ಆಯುಷ್ಯ ನಡೆಸಿದವ ನಾನು. ದೊಡ್ಡ ಸಾಹೇಬರ ಇಡ್ಲಿಯ ಒಳಗೆ ಹತ್ತಿ ಇಟ್ಟು ಬೇಯಿಸಿದ್ದು ನಾನು. ಬೆಳಿಗ್ಗೆಯ ಲೋಕಲ್‌ನಲ್ಲಿ ಕಾಲಿಡ್ಲಿಕ್ಕೆ ಜಾಗ ಇಲ್ಲದಾಗ, ದಿವಾ ಸ್ಟೇಷನ್ ಬರುವಾಗ ಗಟ್ಟಿಯಾಗಿ 'ಇವತ್ತು ಈ ಗಾಡಿ ಠಾಣೆಯಲ್ಲಿ ನಿಲ್ಲುದಿಲ್ಲಂತೆ' ಅಂತ ಹೇಳಿ, ಅರ್ಧ ಡಬ್ಬಿಯ ಜನ ಗಡಬಡಿಸಿ ಇಳಿದ ಮೇಲೆ ಕಿಟಕಿ ಸೀಟಲ್ಲಿ ಕಾಲು ಚಾಚಿ ಕೂತು ಹೋದದ್ದೂ ನಾನೇ. ಈ ಕತೆ ನಾನು ಹೇಳದ ಮದುವೆ ಇಲ್ಲ, ಮುಂಜಿ ಇಲ್ಲ.

ಇಂಥ ನಾನು, ಹೋದ ವರ್ಷ ಮಳೆ ನಿಂತ ಮೇಲೆ ಒಂದು ಮಧ್ಯಾಹ್ನ, ಮುಂಬ್ರಾ ಸ್ಟೇಷನ್ನಿನ ಬೆಂಚಲ್ಲಿ ಕೂತಿದ್ದೆ. ಯಾಕೆ ಕೂತಿದ್ದೆ ಅಂತ ನನಗೆ ಗೊತ್ತಿರ್ಲಿಲ್ಲ.

ಠಾಣೆಯಿಂದ ಮನೆಗೆ ಹೊರಟವ. ಸ್ಲೋ ಲೋಕಲ್ ಸಿಕ್ಕಿತ್ತು. ಇಳಿದೆ. ಒಂದು ಬದಿಯಲ್ಲಿ ಗುಡ್ಡ, ಇನ್ನೊಂದು ಬದಿಯಲ್ಲಿ ಖಾಡಿ, ಅಂದ್ರೆ ಒಳಗೆ ನುಗ್ಗಿದ ಸಮುದ್ರದ ನೀರು. ಎದುರಿಗೇ ಬೋರ್ಡು. ಹೆಸರು ಓದಿದೆ, ಮೂರು ಭಾಷೆಯಲ್ಲೂ ಓದಿದೆ. ಓದಿದ್ರೂ ಈ ಸ್ಟೇಷನ್ ನನ್ನದಕ್ಕಿಂತ ಮುಂಚೆ ಬರುದಾ, ಆಮೇಲೆ ಬರುದಾ ಅಂತ ಹೊಳೀಲಿಲ್ಲ. ಐವತ್ತು ವರ್ಷ ಓಡಾಡಿದ ಲೈನು ಮಾರಾಯ್ರೆ. ಕೈಯಲ್ಲಿದ್ದ ತರಕಾರಿ ಚೀಲ ನೋಡಿದೆ. ಅದರಲ್ಲಿದ್ದ ಬಸಳೆ ನೋಡಿ, ಇದು ಯಾರಿಗೋ ಇಷ್ಟ ಅಂತ ನೆನಪಾಯ್ತು. ಯಾರಿಗೆ ಅಂತ ನೆನಪಾಗ್ಲಿಕ್ಕೆ ಸ್ವಲ್ಪ ಹೊತ್ತು ಹಿಡೀತು. ಆಗ ನನ್ನ ಬೆನ್ನಲ್ಲಿ ಇಳಿದ ಬೆವರು ಸೆಕೆಯದ್ದಲ್ಲ.

ಮನೆಯಲ್ಲಿ ಹೇಳಿದ್ದು ಬೇರೆ. ಹಳೇ ದೋಸ್ತಿ ಸಿಕ್ಕಿದ್ದ, ಅವನ ಕಾಲೆಳೀತಾ ತಡವಾಯ್ತು ಅಂದೆ. ನನ್ನ ಹೆಂಡತಿ ನಂಬಿದ್ಲು. ಕಾಲೆಳೆಯುದು ಅಂದ್ರೆ ನನ್ನ ಮೇಲೆ ಎಲ್ಲರಿಗೂ ನಂಬಿಕೆ.

ಹೆದರ್ಲಿಕ್ಕೆ ಇನ್ನೊಂದು ಕಾರಣ ಉಂಟು. ನನ್ನ ಅಣ್ಣ ಹೋದದ್ದು ಹೀಗೇ. ಮೊದ್ಲು ದಾರಿ ತಪ್ಪಿದ. ಆಮೇಲೆ ಹೆಸರು ತಪ್ಪಿದ. ಕೊನೆಗೆ ಅತ್ತಿಗೆ ಗಂಜಿ ತಂದಿಟ್ರೆ, 'ನೀವು ಯಾರ ಮನೆಯವರಮ್ಮಾ, ಪಾಪ, ನಿಮಗೆ ಎಷ್ಟು ತೊಂದ್ರೆ' ಅಂತ ಕೈ ಮುಗೀತಿದ್ದ. ಅವನೂ ನನ್ನ ಹಾಗೆ ತಮಾಷೆಯವ. ಅತ್ತಿಗೆ ಎಷ್ಟೋ ದಿನ ಅದನ್ನೂ ತಮಾಷೆ ಅಂತಲೇ ನಗಾಡಿದ್ಲು.

ಇದಾಗಿ ಸ್ವಲ್ಪ ದಿನಕ್ಕೆ ಮೊಮ್ಮಗಳು ಒಂದು ಕೆಲಸ ಹಿಡಿದು ಬಂದ್ಲು. ಇವಳು ನವಿ ಮುಂಬೈಯ ಸೀವುಡ್ಸಿನ ಹತ್ರ ಒಂದು ಲ್ಯಾಬಲ್ಲಿ ಕಲೀತಾಳೆ, ಅಲ್ಲೇ ಪೇಯಿಂಗ್ ಗೆಸ್ಟ್ ಇದ್ದು ಶನಿವಾರ ಮನೆಗೆ ಬರ್ತಾಳೆ. ಅವಳ ಕಲಿಕೆ ಎಂತದ್ದು ಅಂದ್ರೆ, ಸಾವಿರಾರು ವರ್ಷದ ಹಿಂದೆ ಸತ್ತವರ ಎಲುಬಲ್ಲಿ, ಹಲ್ಲಲ್ಲಿ, ಕಿವಿಯ ಹಿಂದಿನ ಗಟ್ಟಿ ಎಲುಬಲ್ಲಿ ಅವರ ವಂಶದ ಗುರುತು ಇನ್ನೂ ಉಳಿದಿರ್ತದಂತೆ. ಅದನ್ನು ತೆಗೆದು ಓದಿದ್ರೆ ಯಾರು ಎಲ್ಲಿಂದ ನಡ್ಕೊಂಡು ಬಂದ್ರು, ಯಾರ ಜೊತೆ ಸಂಸಾರ ಮಾಡಿದ್ರು ಎಲ್ಲ ಗೊತ್ತಾಗ್ತದಂತೆ. ಆದ್ರೆ ನಮ್ಮ ದೇಶದ ಸೆಕೆಗೆ, ಮಳೆಗೆ ಹಳೇ ಎಲುಬಲ್ಲಿ ಅದು ಬೇಗ ಹಾಳಾಗ್ತದೆ. ಹಾಗಾಗಿ ಇಲ್ಲಿ ಬದುಕಿರುವವರ ಎಂಜಲು ತೆಗೆದು ಬೇರೆ ಕಡೆ ಸಿಕ್ಕಿದ ಎಲುಬಿನ ಜೊತೆ ತಾಳೆ ನೋಡ್ಬೇಕು. ಅವಳಿಗೆ ಬೇಕಾದದ್ದು ಕರಾವಳಿ ಕಡೆಯ ಹಳೇ ಜನ.

"ಹಳೇ ಜನ ಅಂದ್ರೆ ಅಜ್ಜ, ನಿನ್ನ ಥರ," ಅಂದ್ಲು.

"ನಾನು ಎಲುಬೂ ಕೊಡ್ತೇನೆ, ಸ್ವಲ್ಪ ಕಾಯಿ," ಅಂದೆ.

ಜನ ಕೂಡಿಸ್ಲಿಕ್ಕೆ ನನ್ನನ್ನು ಬಿಟ್ರೆ ಯಾರು? ಕಲ್ಯಾಣ, ಠಾಣೆ, ಬದಲಾಪುರ ಎಲ್ಲಾ ಕಡೆಗೂ ಫೋನ್ ಹಾಕಿದೆ. ಒಂದು ಭಾನುವಾರ ನಮ್ಮ ಕನ್ನಡ ಸಂಘದ ಹಾಲಿನಲ್ಲಿ ಜಾತ್ರೆಯ ಹಾಗೆ ಸೇರಿದ್ರು. ಹುಡುಗಿ ಮೊದ್ಲು ಎದ್ದು ನಿಂತು ಮಾತಾಡಿದ್ಲು, ಅವಳ ಹಿಂದಿ ಬೆರೆತ ಕನ್ನಡದಲ್ಲಿ. ನಾವೆಲ್ಲ ಆಫ್ರಿಕಾದಿಂದ ಹೊರಟವರಂತೆ. ದಾರಿಯಲ್ಲಿ ಹುಬ್ಬಿನ ಎಲುಬು ದಪ್ಪ ಇದ್ದ ಬೇರೆಯೇ ಜಾತಿಯ ಮನುಷ್ಯರು ಸಿಕ್ಕಿದ್ರಂತೆ. ಅವರ ಜೊತೆ ಮಕ್ಕಳಾದ್ವಂತೆ. ಆ ಜನ ಮುಗಿದು ಯಾವ ಕಾಲ ಆಯ್ತೋ. ಆದ್ರೆ ಅವರದ್ದೊಂದು ಚೂರು ಇಲ್ಲಿ ಕೂತ ಪ್ರತಿಯೊಬ್ಬರ ಒಳಗೂ ಉಂಟಂತೆ. ಸೈಬೀರಿಯದ ಒಂದು ಗುಹೆಯಲ್ಲಿ ಸಿಕ್ಕಿದ ಕಿರುಬೆರಳಿನ ತುಂಡಿನಿಂದ ಇನ್ನೊಂದು ಜನ ಇದ್ದದ್ದೂ ಗೊತ್ತಾಯ್ತಂತೆ. ಆಮೇಲೆ ಈ ದೇಶಕ್ಕೆ ಮೊದ್ಲು ಬಂದು ಬೇಟೆಯಾಡಿದವರು, ಇರಾನಿನ ಕಡೆಯ ನೆಂಟಸ್ತಿಕೆಯವರು, ಹುಲ್ಲುಗಾವಲಿಂದ ದನ ಹೊಡ್ಕೊಂಡು ಬಂದವರು, ಎಲ್ಲ ಒಬ್ರಿಗೊಬ್ರು ಬೆರೆತು ಬೆರೆತು, ಎಷ್ಟೋ ಕಾಲದ ಮೇಲೆ ಅವರವರ ಜಾತಿಯೊಳಗೇ ಹೆಣ್ಣು ತರುದು ಅಂತ ಬಾಗಿಲು ಹಾಕಿಕೊಂಡ್ರಂತೆ.

ಮುಂದಿನ ಸಾಲಲ್ಲಿ ನಮ್ಮ ಸಂಘದ ಹಿರಿಯರೊಬ್ರು ಕೂತಿದ್ರು. ಅವರ ವಂಶ ಕಾಶ್ಮೀರದಿಂದ ನೇರ ಇಳಿದದ್ದು, ದಾರಿಯಲ್ಲಿ ಎಲ್ಲಿಯೂ ನೀರು ಸಹ ಕುಡೀಲಿಲ್ಲ ಅಂತ ಹೇಳುವವರು. ಅವರ ಮುಖ ಆಗ್ಲೇ ಹುಳಿಯಾಗಿತ್ತು. ನನಗೆ ಅಷ್ಟು ಸಾಕಲ್ಲ.

ಆ ಎಂಜಲು ಉಗಿಯುವ ಟ್ಯೂಬಿನ ಮುಚ್ಚಳದೊಳಗೆ ಒಂದು ನೀಲಿ ನೀರು ಇರ್ತದೆ, ಉಗಿದಾದ ಮೇಲೆ ಮುಚ್ಚಳ ತಿರುಗಿಸಿದ್ರೆ ಅದು ಕೆಳಗಿಳಿದು ಎಲ್ಲ ನೀಲಿಯಾಗ್ತದೆ, ಎಂಜಲು ಕೆಡದ ಹಾಗೆ. ಹುಡುಗಿ ನನಗೆ ಮನೆಯಲ್ಲೇ ತೋರಿಸಿದ್ಲು. ನಾನು ಹಿರಿಯರ ಕಿವಿಯಲ್ಲಿ ಮೆಲ್ಲ ಹೇಳಿದೆ: ಶುದ್ಧ ವಂಶ ಆದ್ರೆ ಬಿಳಿಯಾಗೇ ಇರ್ತದೆ, ಎಲ್ಲಾದ್ರೂ ಕಲಬೆರಕೆ ಇದ್ರೆ ನೀಲಿಯಾಗ್ತದೆ. ಪಾಪ, ಉಗಿದ್ರು. ಮುಚ್ಚಳ ತಿರುಗಿಸಿದ್ರು. ಟ್ಯೂಬನ್ನು ಜೇಬಿಗೆ ಹಾಕ್ಕೊಂಡು ಬಾಗಿಲ ಕಡೆ ಹೊರಟವರನ್ನು ಮೊಮ್ಮಗಳು ಓಡಿಹೋಗಿ ಹಿಡಿದ್ಲು. ಹಾಲಿಗೆ ಹಾಲೇ ನಕ್ಕಿತು. ಅವಳು ಮಾತ್ರ ನಗ್ಲಿಲ್ಲ. ಪ್ಲೀಸ್ ಅಜ್ಜ, ಇದು ನನ್ನ ಕೆಲಸ, ಅಂದ್ಲು.

ಆ ದಿನದ ಇನ್ನೊಂದು ಸಂಗತಿ, ಆಗ ನಾನು ಲೆಕ್ಕಕ್ಕೇ ತೆಗೆದುಕೊಳ್ಳದ್ದು: ಕಲ್ಯಾಣದಿಂದ ನನ್ನ ಹೆಂಡತಿಯ ಅಣ್ಣ, ಅಂದ್ರೆ ನನ್ನ ಭಾವ, ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಬಂದಿದ್ದ. ಹುಡುಗಿ ಅವನನ್ನು ಬೇಡ ಅಂದ್ಲು. ಒಡಹುಟ್ಟಿದವರಲ್ಲಿ ಒಬ್ರದ್ದೇ ಸಾಕು, ಅಜ್ಜಿಯದ್ದು ಉಂಟಲ್ಲ, ಇಬ್ಬರದೂ ಹೆಚ್ಚುಕಮ್ಮಿ ಒಂದೇ ಅಲ್ವಾ ಅಂತ ಸಮಾಧಾನ ಹೇಳಿದ್ಲು. ಭಾವ ಮುಖ ಉಬ್ಬಿಸಿ ತಂಗಿಯ ಪಕ್ಕ ಹೋಗಿ ಕೂತ.

ದೀಪಾವಳಿ ಕಳೆದ ಮೇಲೆ, ಒಂದು ಬೆಳಿಗ್ಗೆ ಮೊಮ್ಮಗಳ ಫೋನು ಬಂತು. ನನ್ನನ್ನೇ ಕೇಳಿದ್ಲು.

"ಅಜ್ಜ, ಅಜ್ಜಿಯ ಟ್ಯೂಬಲ್ಲಿ ಇರುದು ಗಂಡಸಿನ ಎಂಜಲು."

ನಾನು ನಗ್ಲಿಕ್ಕೆ ಬಾಯಿ ತೆಗೆದೆ. ಅವಳ ಉಸಿರು ಕೇಳಿ ಮುಚ್ಚಿದೆ. ಅವಳ ಮೇಲಿನ ಮೇಡಂಗೆ ಸಂಶಯ ಬಂದಿತ್ತು, ಟ್ಯೂಬುಗಳ ಮೇಲೆ ಗುರುತು ಹಚ್ಚುವಾಗ ಇವಳೇ ಗೊಂದಲ ಮಾಡಿದ್ದಾಳೆ ಅಂತ. ಒಂದು ತಪ್ಪಿದ್ರೆ ಉಳಿದದ್ದು ಸರಿ ಅಂತ ಯಾರು ಹೇಳ್ಬೇಕು? ಆ ದಿನ ತೆಗೆದದ್ದು ಎಲ್ಲ ಬಿಸಾಡ್ಬೇಕು, ಇವಳನ್ನು ಈ ಕೆಲಸದಿಂದ ತೆಗೀಬೇಕು ಅಂತ ಮಾತು ನಡೀತಿತ್ತಂತೆ.

"ಸಚ್ ಬೋಲೋ ಅಜ್ಜ. ನೀನೇ ಮಾಡಿದ್ದಲ್ವಾ? ನೀನೇ ಅಂತ ಆದ್ರೆ ನಾನು ಬಚಾವ್."

ಹೌದು ಅಂದೆ. ನಾನೇ, ಮತ್ತೆ ಯಾರು, ನನ್ನ ಬಿಟ್ರೆ ಇಂಥದ್ದು ಯಾರಿಗೆ ಹೊಳೀತದೆ ಅಂದೆ. ಸ್ವಲ್ಪ ಜಂಬದಿಂದಲೇ ಅಂದೆ. ಅವಳು ಬೈದ್ಲು, ಅತ್ತ ಹಾಗೆ ಬೈದ್ಲು. ಮಗ ಅಂತೂ, ಅಪ್ಪ, ಈ ಸಲ ಜಾಸ್ತಿಯಾಯ್ತು ಅಂತ ಹೇಳಿ ಆಫೀಸಿಗೆ ಹೋದ. ನನ್ನ ಹೆಂಡತಿ ಒಲೆಯ ಎದುರು ಎಲ್ಲ ಕೇಳ್ತಾ ನಿಂತಿದ್ದವಳು, ನನ್ನ ಮುಖ ಒಮ್ಮೆ ನೋಡಿ ಆ ಕಡೆ ತಿರುಗಿದ್ಲು. ಆವತ್ತಿಂದ ಮಾತು ಬಿಟ್ಲು. ಚಾ ಲೋಟ ಟಕ್ ಅಂತ ಕುಕ್ಕಿ ಹೋಗುದು, ಅಷ್ಟೇ.

ಫೋನ್ ಇಟ್ಟ ಮೇಲೆ ನನಗೆ ಹೊಳೆದದ್ದು: ಅದನ್ನು ಮಾಡಿದ ನೆನಪು ನನಗೆ ಇಲ್ಲ.

ಮಾಡಿರ್ಲಿಕ್ಕಿಲ್ಲ ಅಂತ ಹೇಳುವ ಧೈರ್ಯವೂ ಇಲ್ಲ. ಮುಂಬ್ರಾದ ಬೆಂಚು ಉಂಟಲ್ಲ ಹಿಂದೆ. ಅಲ್ಲಿ ಇಳಿದದ್ದೇ ಗೊತ್ತಿರದವ, ಒಂದು ಟ್ಯೂಬಿಗೆ ಉಗಿದದ್ದು ಮರೆಯುದು ಯಾವ ದೊಡ್ಡ ಮಾತು? ಬಾಲ್ಕನಿಯಲ್ಲಿ ಕೂತು ಆ ಭಾನುವಾರವನ್ನು ಮೊದಲಿಂದ ತಿರುಗಿಸಿ ತಿರುಗಿಸಿ ನೋಡಿದೆ. ಹಿರಿಯರ ನೀಲಿ ಟ್ಯೂಬು ಇತ್ತು, ಭಾವನ ಅಂಗಿ ಇತ್ತು, ಬಟಾಟೆವಡೆಯ ವಾಸನೆ ಇತ್ತು. ಉಗಿದದ್ದು ಇರ್ಲಿಲ್ಲ. ಮರುದಿನ ಮತ್ತೆ ನೋಡಿದೆ. ಆಗ ಒಂದು ಚೂರು ಕಾಣ್ಲಿಕ್ಕೆ ಶುರುವಾಯ್ತು. ಹಾಲಿನ ಹಿಂದಿನ ವಾಶ್‌ಬೇಸಿನ್. ಅದರ ಮೇಲೆ ಕನ್ನಡಿ. ಕೈಯಲ್ಲಿ ನನ್ನ ಹೆಂಡತಿಯ ಹೆಸರಿನ ಟ್ಯೂಬು, ಕನ್ನಡಿಯಲ್ಲಿ ನನ್ನದೇ ನಗು. ಅಬ್ಬ ಅನ್ನಿಸ್ತು. ಮಾಡಿದ್ದೇನೆ. ತಡವಾದ್ರೂ ನೆನಪು ಬಂತಲ್ಲ, ಅಣ್ಣನಿಗೆ ಬರ್ತಾ ಇರ್ಲಿಲ್ಲ. ಆ ದಿನ ಎರಡು ದೋಸೆ ಹೆಚ್ಚೇ ತಿಂದೆ.

ಅಷ್ಟರಲ್ಲಿ ಮತ್ತೆ ಫೋನು. ಮೇಡಂ ನನ್ನ ಟ್ಯೂಬನ್ನೂ ಅಜ್ಜಿಯ ಟ್ಯೂಬನ್ನೂ ಅಕ್ಕಪಕ್ಕ ಇಟ್ಟು ನೋಡಿಸಿದ್ರಂತೆ. ಒಬ್ಬನದ್ದೇ ಆದ್ರೆ ಎರಡೂ ತಾಳೆಯಾಗ್ಬೇಕು, ಆಗ ಪ್ರಕರಣ ಮುಗೀತು.

"ಅದು ನಿನ್ನದಲ್ಲ ಅಜ್ಜ. ನೀನು ಸುಳ್ಳು ಯಾಕೆ ಹೇಳಿದ್ದು? ಈಗ ಮೇಡಂ ನಾನೇ ನಿನ್ನ ಬಾಯಲ್ಲಿ ಹೇಳಿಸಿದ್ದು ಅಂತಾರೆ."

"ನಾನೇ ಮಾಡಿದ್ದು. ನನಗೆ ನೆನಪುಂಟು," ಅಂದೆ.

"ಹೇಗೆ ನೆನಪಿರ್ತದೆ? ನಿನ್ನದಲ್ಲ ಅದು."

ಮಾತು ತೇಲಿಸ್ಲಿಕ್ಕೆ ಹೋಗಿ, ಅಲ್ಲ ಮಗ, ಎಂಜಲಲ್ಲಿ ಮರೆವಿನ ಕಾಯಿಲೆ ಎಲ್ಲ ಕಾಣ್ತದಾ ಅಂತ ಕೇಳಿಬಿಟ್ಟೆ. ನಾವು ಅದು ನೋಡುದಿಲ್ಲ ಅಂದ್ಲು. ಆಮೇಲೆ, ಯಾಕೆ ಕೇಳಿದ್ದು ಅಂದ್ಲು. ನಾನು ಫೋನ್ ಕೇಳದವನ ಹಾಗೆ ಹಲೋ ಹಲೋ ಅಂತ ಇಟ್ಟುಬಿಟ್ಟೆ.

ಚಪ್ಪಲಿ ಮೆಟ್ಟಿ ನೇರ ಹಾಲಿಗೆ ಹೋದೆ. ಒಳಗೆ ಮಕ್ಕಳ ಯೋಗದ ಕ್ಲಾಸು ನಡೀತಿತ್ತು. ಬದಿಯಿಂದ ನುಸುಳಿ ಹಿಂದೆ ವಾಶ್‌ಬೇಸಿನ್ ಹತ್ರ ನಿಂತೆ. ಕನ್ನಡಿ ಇರ್ಲಿಲ್ಲ. ಯಾವತ್ತೂ ಇದ್ದ ಗುರುತೇ ಇಲ್ಲ. ಹಳೇ ಬಿಳಿ ಟೈಲ್ಸು, ಒಂದು ಮೊಳೆಯ ತೂತು ಸಹ ಇಲ್ಲ. ಮಾಡಿದ್ದನ್ನು ಮರೆತವರ ಕತೆ ನನಗೆ ಗೊತ್ತಿತ್ತು. ಮಾಡದ್ದನ್ನು, ಕನ್ನಡಿ ಸಮೇತ, ನಗು ಸಮೇತ ನೆನಪಿಡುವವನಿಗೆ ಎಂತ ಹೇಳುದು? ಮೊಮ್ಮಗಳ ಪ್ರಕಾರ ನನ್ನ ಎಂಜಲಲ್ಲಿ ಆ ದಪ್ಪ ಹುಬ್ಬಿನವರು ಸಹ ಇದ್ದಲ್ಲೇ ಇದ್ದಾರೆ, ಒಬ್ರೂ ಜಾಗ ಬಿಟ್ಟಿಲ್ಲ. ಅಲ್ಲಿಂದ ಒಂದು ಗೇಣು ಮೇಲೆ, ತಲೆಯಲ್ಲಿ, ಮೊನ್ನೆಯ ಭಾನುವಾರ ನಿಲ್ತಾ ಇಲ್ಲ.

ಮನೆಗೆ ಬಂದಾಗ ನನ್ನ ಹೆಂಡತಿ ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಅಲಸಂಡೆ ಮುರೀತಿದ್ಲು. ನಾನು ಬಾಗಿಲಲ್ಲೇ ನಿಂತು ಹೇಳಿದೆ, ಅದು ನನ್ನ ಎಂಜಲಲ್ಲವಂತೆ.

ಅವಳು ತಲೆ ಎತ್ತಿದ್ಲು. ಅಷ್ಟು ದಿನದ ಮೇಲೆ ಮೊದಲ ಮಾತು.

"ನಿಮ್ಮದಲ್ವಾ? ಮತ್ತೆ ನಾನೇ ಮಾಡಿದ್ದು ಅಂತ ಅವಳ ಹತ್ರ ಅಷ್ಟು ಜೋರಾಗಿ ಹೇಳಿದ್ರಿ? ಅಣ್ಣನದ್ದನ್ನು ಚೆಲ್ಲಿ ನಿಮ್ಮದು ಹಾಕಿದ್ದು ಅಂತ ನಾನು ತಿಳ್ಕೊಂಡೆ."

"ಯಾವ ಅಣ್ಣನದ್ದು?"

"ನನ್ನ ಅಣ್ಣನದ್ದು. ಮತ್ತೆ ಯಾರದ್ದು?"

ಆಮೇಲೆ ಸಂಗತಿ ಹೊರಗೆ ಬಂತು. ಆ ಭಾನುವಾರ ಸಂಕಷ್ಟಿ. ಚಂದ್ರ ಕಾಣುವವರೆಗೆ ಇವಳು ನೀರು ಸಹ ಮುಟ್ಟುದಿಲ್ಲ. ಉಗಿಯುವ ಮೊದ್ಲು ಸ್ವಲ್ಪ ಹೊತ್ತು ಎಂತದೂ ತಿನ್ನಬಾರದು, ಕುಡೀಬಾರದು ಅಂತ ಹುಡುಗಿ ಹೇಳಿದಾಗ, ಇಡೀ ಹಾಲಿನಲ್ಲಿ ಆ ನಿಯಮ ಸರಿಯಾಗಿ ಪಾಲಿಸಿದವಳು ಇವಳೊಬ್ಬಳೇ. ಆದ್ರೆ ಬಾಯಲ್ಲಿ ಎಂಜಲೇ ಇಲ್ಲ. ಒಣಗಿದ ಬಾಯಿ, ವ್ರತದ ದಿನ, ಎದುರಿಗೆ ಗಣಪತಿಯ ಪಟ, ಸುತ್ತ ಗಂಡಸರು. ಸೆರಗು ಮುಚ್ಚಿ ಎಷ್ಟು ತಿಣುಕಿದ್ರೂ ಟ್ಯೂಬಿನ ತಳವೂ ಒದ್ದೆಯಾಗ್ಲಿಲ್ಲ. ಪಕ್ಕದಲ್ಲಿ ಅಣ್ಣ, ಬೇಡ ಅನ್ನಿಸಿಕೊಂಡು ಸಪ್ಪೆ ಮುಖ ಮಾಡಿ ಕೂತಿದ್ದಾನೆ. ಹುಡುಗಿಯೇ ಹೇಳಿದ್ದಾಳೆ, ಇಬ್ಬರದೂ ಒಂದೇ ಅಂತ. ಇವಳು ಟ್ಯೂಬು ದಾಟಿಸಿದ್ಲು. ಅವ ತುಂಬಿಸಿ ಕೊಟ್ಟ. ಇಬ್ರಿಗೂ ಖುಷಿ.

"ಒಂದೇ ತಾಯಿ ಹೊಟ್ಟೆಯಲ್ಲಿ ಬಂದವರು. ಯಾರದ್ದಾದ್ರೆ ಎಂತ?" ಅಂದ್ಲು. "ಅದನ್ನು ಹೇಳುವ ಅಂತ ಇದ್ದೆ. ಅಷ್ಟರಲ್ಲಿ ನೀವು ನಾನೇ ಮಾಡಿದ್ದು ಅಂದ್ರಿ. ಅಣ್ಣ ಅಷ್ಟು ಆಸೆಯಿಂದ ಕೊಟ್ಟದ್ದನ್ನು ಚೆಲ್ಲಿದ್ರಲ್ಲ ಅಂತ ಹೊಟ್ಟೆ ಉರೀತು."

ನಾನು ಅಲ್ಲೇ ಹೊಸ್ತಿಲಲ್ಲಿ ಕೂತೆ. ನಗು ಬಂತು, ಅದರ ಜೊತೆ ಆ ಇಲ್ಲದ ಕನ್ನಡಿಯ ಹೆದರಿಕೆಯೂ ಬಂತು. ಮೊಮ್ಮಗಳಿಗೆ ಫೋನ್ ಹಚ್ಚಿ ಅಜ್ಜಿಯ ಕೈಯಲ್ಲೇ ಕೊಟ್ಟೆ. ಆ ಕಡೆ ಅವಳು ನಕ್ಕದ್ದು ನನಗೂ ಕೇಳ್ತಿತ್ತು. ಅಣ್ಣತಂಗಿ ಅಂದ್ರೆ ಹೆಚ್ಚುಕಮ್ಮಿ ಒಂದೇ ಹೌದು, ಆದ್ರೆ ಪೂರಾ ಒಂದೇ ಅಲ್ಲ ಅಜ್ಜಿ ಅಂತ ಹೇಳ್ತಿದ್ಲು. ಅದಕ್ಕೆ ನನ್ನ ಹೆಂಡತಿ, ಹಾಗಾದ್ರೆ ಸರಿಯಾಗಿ ಹೇಳ್ಬೇಕಿತ್ತು ನೀನು, ಅಂತ ಅವಳನ್ನೇ ಗದರಿದ್ಲು. ಆ ವಾರ ಹೊಸ ಟ್ಯೂಬು ಬಂತು. ಹಬ್ಬ ಇಲ್ಲ, ಉಪವಾಸ ಇಲ್ಲ, ಒಂದು ಸಾದಾ ಬೆಳಿಗ್ಗೆ ಇವಳು ಸ್ನಾನದ ಮನೆಯ ಬಾಗಿಲು ಹಾಕ್ಕೊಂಡು ತುಂಬಿಸಿದ್ಲು. ಕಲ್ಯಾಣಕ್ಕೆ ಹೋಗಿ ಭಾವನದ್ದೂ ತಂದ್ರು. ಅದು ಆ ಟ್ಯೂಬಿಗೆ ತಾಳೆಯಾಯ್ತು. ಗುರುತು ಹಚ್ಚಿದ್ದರಲ್ಲಿ ಹುಡುಗಿಯ ತಪ್ಪಿಲ್ಲ ಅಂತ ಮೇಡಂ ಒಪ್ಪಿದ್ರು, ಉಳಿದ ಟ್ಯೂಬುಗಳೆಲ್ಲ ಉಳಿದ್ವು. ಭಾವ ಈಗ ನನಗಿಂತ ದೊಡ್ಡ ಜಂಬದವನಾಗಿದ್ದಾನೆ. ನನ್ನದು ಎರಡು ಸಲ ನೋಡಿದ್ರು ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗ್ತಾನೆ.

ಎಲ್ಲರಿಗೂ ಮುಗೀತು. ನನಗೆ ಮುಗೀಲಿಲ್ಲ. ಆ ಕನ್ನಡಿ ತಲೆಯಿಂದ ಇಳೀತಾನೇ ಇಲ್ಲ. ಈಗಲೂ ಕಣ್ಣು ಮುಚ್ಚಿದ್ರೆ ಅದರ ಮೂಲೆಯಲ್ಲಿ ಯಾರೋ ಅಂಟಿಸಿದ ಬಿಂದಿ ಸಹ ಕಾಣ್ತದೆ.

ಒಂದು ಸಂಜೆ ಇವಳು ದೀಪ ಹಚ್ಚಿ ಬಂದು ಕೂತಾಗ, ಲೋಕಾಭಿರಾಮದ ಹಾಗೆ ಕೇಳಿದೆ. ದಿವಾದಲ್ಲಿ ಅರ್ಧ ಡಬ್ಬಿ ಇಳಿಸಿ ಕಿಟಕಿ ಸೀಟು ಹೊಡೆದೆನಲ್ಲ, ಅದು ಯಾವ ವರ್ಷ?

"ಅದು ನೀವಲ್ಲ. ನಿಮ್ಮ ಅಣ್ಣ," ಅಂದ್ಲು.

"ನಾನು."

"ನಮ್ಮ ಮದುವೆಯಾದ ಹೊಸತರಲ್ಲಿ ನೀವೇ ಹೇಳ್ತಿದ್ರಿ, ಅಣ್ಣ ಹೀಗೆ ಮಾಡಿದ ಅಂತ. ಆಮೇಲೆ ಯಾವಾಗಿನಿಂದ್ಲೋ ನಾನು ಅಂತ ಹೇಳ್ಲಿಕ್ಕೆ ಶುರು ಮಾಡಿದ್ರಿ. ಅಣ್ಣ ಹೋದ ಮೇಲೆ ಇರ್ಬೇಕು. ನಾನು ಸುಮ್ಮನಿದ್ದೆ, ಯಾರಿಗೆ ನಷ್ಟ ಅಂತ."

ನನಗೆ ಆ ಸೀಟಿನ ಮರದ ಪಟ್ಟಿ ತೊಡೆಗೆ ಒತ್ತಿದ್ದು ನೆನಪುಂಟು. ಕಿಟಕಿಯಿಂದ ಖಾಡಿಯ ಗಾಳಿ ಮುಖಕ್ಕೆ ಹೊಡೆದದ್ದು ನೆನಪುಂಟು. ಯಾರ ಮುಖಕ್ಕೆ?

ಆಗ ಮುಂಬ್ರಾದ್ದು ಹೇಳಿದೆ. ಬೆಂಚು, ಬೋರ್ಡು, ಬಸಳೆ, ಎಲ್ಲ. ಬಸಳೆ ಇಷ್ಟ ಇರುದು ಅವಳಿಗೇ ಅಂತ ಮರೆತದ್ದೂ ಹೇಳಿದೆ. ಅವಳು ನಗ್ಲಿಕ್ಕೆ ಶುರು ಮಾಡಿದ್ಲು. ನಿಮ್ಮ ಈ ನಾಟಕ ನನ್ನ ಹತ್ರ ಬೇಡ ಅಂತ ಸೆರಗು ಬಾಯಿಗೆ ಹಿಡಿದು ನಕ್ಲು. ನಾನು ನಗದೆ ಕೂತದ್ದು ನೋಡಿ ಇನ್ನೂ ನಕ್ಲು, ನಾನು ನಗದೆ ಇರುದೇ ತಮಾಷೆಯ ಭಾಗ ಅಂತ ಅವಳಿಗೆ. ಅತ್ತಿಗೆ ನಕ್ಕದ್ದು ಇದೇ ನಗು. ತಮಾಷೆ ಅಲ್ಲ ಮಾರಾಯ್ತಿ ಅಂದೆ. ಅವಳ ಮೊಣಕೈ ಹಿಡ್ಕೊಂಡೆ. ಹಿಡಿದದ್ದನ್ನು ಬಿಡ್ಲಿಲ್ಲ. ನಗು ಮಧ್ಯದಲ್ಲೇ ನಿಂತಿತು.

ಠಾಣೆಯಲ್ಲಿ ಇಂಥದ್ದಕ್ಕೆ ಒಬ್ಬರು ಡಾಕ್ಟರು ಇದ್ದಾರೆ ಅಂತ ಮಗ ಹುಡುಕಿದ. ಮೊನ್ನೆ ಮಂಗಳವಾರ ಹೊರಟೆವು, ನಾವಿಬ್ರೇ. ನನ್ನ ಹೆಂಡತಿ ಯಾವತ್ತೂ ಲೇಡೀಸ್ ಡಬ್ಬಿ ಬಿಟ್ಟವಳಲ್ಲ. ಆವತ್ತು ನನ್ನ ಜೊತೆ ಜನರಲ್ ಹತ್ತಿದ್ಲು, ಗಂಡಸರ ಮಧ್ಯೆ ಪರ್ಸನ್ನು ಎದೆಗೆ ಒತ್ತಿ ಹಿಡಿದು. ಯಾರೋ ಸೀಟು ಬಿಟ್ಟುಕೊಟ್ರು. ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದಿದ್ಲು, ಮಕ್ಕಳನ್ನು ರಸ್ತೆ ದಾಟಿಸುವಾಗ ಹಿಡಿಯುವ ಹಾಗೆ. ಕೋಪರ್ ಹೋಯ್ತು, ದಿವಾ ಹೋಯ್ತು. ಗಾಡಿ ನಿಧಾನ ಆಯ್ತು. ಗುಡ್ಡ ಕಾಣಿಸ್ತು, ಎದುರು ಬದಿಯಲ್ಲಿ ನೀರು.

"ಇದು ಯಾವ ಸ್ಟೇಷನ್?" ಅಂತ ಕೇಳಿದ್ಲು. ಕಿಟಕಿಯ ಹೊರಗೆ ನೋಡ್ತಾ, ಸುಮ್ಮನೆ ಕೇಳಿದವಳ ಹಾಗೆ.

ನನಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಆದ್ರೆ ಎಪ್ಪತ್ತು ವರ್ಷದ ಚಾಳಿ, ನಾಲಿಗೆ ತಾನೇ ಹೊರಳಿತು.

"ಬದಲಾಪುರ," ಅಂದೆ. ಅದಿರುದು ಡೊಂಬಿವಲಿಯ ಆ ಕಡೆ, ಉಲ್ಟಾ ದಿಕ್ಕಿನಲ್ಲಿ.

ಅವಳು ತಿರುಗಿ ನನ್ನ ಮುಖ ನೋಡಿದ್ಲು. ನನ್ನ ಕೈಯಲ್ಲಿ ಬೇಸ್ತು ಬಿದ್ದವರ ಮುಖ ಎಷ್ಟೋ ನೋಡಿದ್ದೇನೆ, ಇಂಥದ್ದು ನೋಡಿರ್ಲಿಲ್ಲ. ನಗ್ಬೇಕಾ, ಅಳ್ಬೇಕಾ, ಮುಂದಿನ ಸ್ಟೇಷನ್ನಲ್ಲಿ ಇಳಿಸ್ಬೇಕಾ, ಎಂತದೂ ಅವಳಿಗೆ ಗೊತ್ತಾಗ್ತಾ ಇರ್ಲಿಲ್ಲ. ಮಣಿಕಟ್ಟಿಗೆ ಉಗುರು ಚುಚ್ಚಿತು.

"ಅಲ್ಲ, ಅಲ್ಲ. ಮುಂಬ್ರಾ," ಅಂದೆ. "ಮುಂಬ್ರಾ ಇದು. ಮುಂದೆ ಕಳವಾ, ಆಮೇಲೆ ಠಾಣೆ. ತಮಾಷೆಗೆ ಹೇಳಿದ್ದು."

ಅವಳು ತಲೆಯಾಡಿಸಿದ್ಲು. ಹಿಡಿತ ಮಾತ್ರ ಸಡಿಲ ಮಾಡ್ಲಿಲ್ಲ. ಗಾಡಿ ಹೊರಟಿತು. ನಾನು ಕಳವಾ, ಠಾಣೆ, ಕಳವಾ, ಠಾಣೆ ಅಂತ ಬಾಯೊಳಗೇ ಹೇಳ್ಕೊಳ್ತಾ ಕೂತೆ, ಇಳಿಯುವವರೆಗೂ.